ಕುತ್ತಿಗೆ ನೋವಿಗೆ ಲೇಸರ್: 15 ಸಿಟ್ಟಿಂಗ್‌ಗೆ ದುಡ್ಡು ಕಟ್ಟುವ ಮೊದಲು

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 46 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದುಕೊಡುತ್ತೇನೆ, 20 ವರ್ಷದಿಂದ ಇದೇ ಕೆಲಸ. 9 ತಿಂಗಳಿಂದ ಕುತ್ತಿಗೆಯ ಹಿಂಭಾಗ, ಬಲ ಹೆಗಲು ನೋವು. ಮದುವೆ ಸೀಸನ್‌ನಲ್ಲಂತೂ ಸಂಜೆ ಹೊತ್ತಿಗೆ ಕತ್ತು ತಿರುಗಿಸುವುದಕ್ಕೂ ಆಗುವುದಿಲ್ಲ. ರಾತ್ರಿ ಬಲಗೈ ಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ, ಕೈ ಕೊಡವಿದರೆ ಸರಿಹೋಗುತ್ತದೆ. ಎಕ್ಸ್‌ರೇ ನೋಡಿ ‘ಸಿ5-ಸಿ6 (ಕುತ್ತಿಗೆಯ 5, 6ನೇ ಮೂಳೆ) ಹತ್ತಿರ ಸವೆದಿದೆ’ ಅಂದರು. ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಶುರುವಾಗಿದೆ. ಈಗ ಒಂದು ಸೆಂಟರ್‌ನವರು 15 ಸಿಟ್ಟಿಂಗ್ ಲೇಸರ್ ಕೊಟ್ಟರೆ ಸವೆದಿದ್ದು ಮತ್ತೆ ತುಂಬಿಕೊಳ್ಳುತ್ತದೆ, 12,000 ರೂಪಾಯಿ, ಮುಂಚೆಯೇ ಪೂರ್ತಿ ಕಟ್ಟಿದರೆ 10,000 ಅಂತಿದ್ದಾರೆ. ನನ್ನ ನಾದಿನಿ ಲೇಸರ್ ಅಂದರೆ ಕಿರಣ, ಕ್ಯಾನ್ಸರ್ ಬರುತ್ತದೆ ಅಂತ ಹೆದರಿಸುತ್ತಾಳೆ. ನಾನು ಥೈರಾಯ್ಡ್ ಮಾತ್ರೆ ಬೇರೆ ತೆಗೆದುಕೊಳ್ಳುತ್ತೇನೆ. ಇತ್ತೀಚೆಗೆ ಸೂಜಿಗೆ ದಾರ ಪೋಣಿಸುವುದಕ್ಕೂ ಮಗಳನ್ನೇ ಕರೆಯಬೇಕು. ನರಕ್ಕೇನಾದರೂ ಆಗಿದೆಯಾ? ಲೇಸರ್ ಮಾಡಿಸಲೇ? ಅಲ್ಲಿಯವರೆಗೆ ಕುತ್ತಿಗೆಗೆ ಬೆಲ್ಟ್ ಹಾಕಿಕೊಳ್ಳಲೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೇಳಿರುವುದು ಲೇಸರ್ ಬಗ್ಗೆ. ಆದರೆ ಪತ್ರದಲ್ಲಿ ಇರುವುದು ಮೂರು ತೊಂದರೆ: ಕುತ್ತಿಗೆ-ಹೆಗಲ ನೋವು, ರಾತ್ರಿಯ ಜೋಮು, ಸೂಜಿಗೆ ದಾರ ಹೋಗದೇ ಇರುವುದು. ಮೂರನ್ನೂ ಒಂದೇ ಎಕ್ಸ್‌ರೇಗೆ ಗಂಟು ಹಾಕಿದಂತೆ ಕಾಣುತ್ತದೆ. ಒಂದೊಂದಾಗಿ ಬಿಡಿಸೋಣ.

ಮೊದಲು ಸೂಜಿಯ ವಿಷಯ. ಇದನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ, ನನಗೆ ಮಾತ್ರ ಇದೇ ಮುಖ್ಯ. ನಾಳೆ ಬೆಳಿಗ್ಗೆ ಕಿಟಕಿ ಹತ್ತಿರ ಕೂತು ದಾರ ಪೋಣಿಸಿ ನೋಡಿ. ಸೂಜಿಯ ಕಣ್ಣು ಕಾಣುವುದಿಲ್ಲವೋ, ಅಥವಾ ಚೆನ್ನಾಗಿ ಕಂಡರೂ ಬೆರಳು ಹೇಳಿದ ಕಡೆ ಹೋಗುವುದಿಲ್ಲವೋ? ಎರಡನೆಯದಾದರೆ ಲೇಸರ್ ಮಾತು ಪಕ್ಕಕ್ಕಿಡಿ. ಹುಕ್ಕು ಹೊಲಿಯುವಾಗ ಬೆರಳು ತಡವರಿಸುವುದು, ಕೈಯಿಂದ ಕತ್ತರಿ ಜಾರುವುದು, ಕತ್ತಲಲ್ಲಿ ನಡೆಯುವಾಗ ತೂಗಾಡಿದಂತಾಗುವುದು, ಮೂತ್ರ ತಡೆದುಕೊಳ್ಳಲು ಆಗದಿರುವುದು – ಇವು ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಿಕೊಂಡಿರುವುದರ ಸೂಚನೆ ಇರಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು, ಹೇಗೆ ಮಲಗಿದರೂ ರಾತ್ರಿಯಿಡೀ ಬಿಡದ ನೋವು – ಇವಿದ್ದರೂ ಅಷ್ಟೇ. ಮೂಳೆ ಅಥವಾ ನರರೋಗದ ಡಾಕ್ಟರನ್ನು ಕಾಣಬೇಕು, ಎಂಆರ್‌ಐ ಬೇಕಾಗಬಹುದು. ತಡಮಾಡಬಾರದು.

ಕಣ್ಣಿಗೆ ಕಾಣುವುದೇ ಇಲ್ಲ ಅನ್ನುವುದಾದರೆ, 46ರ ವಯಸ್ಸಿಗೆ ಅದು ಚಾಳೀಸು. ನಿಮ್ಮ ಪತ್ರದ ಧಾಟಿ ನೋಡಿದರೆ ನನಗೆ ಹಾಗೇ ಅನ್ನಿಸುತ್ತಿದೆ. ಇದಕ್ಕೂ ಕುತ್ತಿಗೆಗೂ ನೇರ ಸಂಬಂಧವಿದೆ, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಆ ‘ಸವೆದಿದೆ’ ಎನ್ನುವ ಮಾತು. ನನ್ನ ಹತ್ತಿರ ಬರುವವರು ಈ ಪದವನ್ನು ಒಂದು ತೀರ್ಪಿನ ಹಾಗೆ ಹೊತ್ತುಕೊಂಡು ಬರುತ್ತಾರೆ. ಕೂದಲು ನೆರೆದ ಹಾಗೆ ಬೆನ್ನುಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕುಗಳೂ ವಯಸ್ಸಿನ ಜೊತೆ ಒಣಗುತ್ತವೆ, ತಗ್ಗುತ್ತವೆ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1211 ಜನರಿಗೆ ಎಂಆರ್‌ಐ ಮಾಡಿ 2015ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ 87.6 ಶೇಕಡಾ ಜನರ ಡಿಸ್ಕ್ ಉಬ್ಬಿತ್ತು. 20ರಿಂದ 30 ವರ್ಷದೊಳಗಿನವರಲ್ಲೂ 70 ಶೇಕಡಾಕ್ಕಿಂತ ಹೆಚ್ಚು ಮಂದಿಗೆ ಹಾಗೇ ಇತ್ತು. ಅವರು ಯಾರಿಗೂ ನೋವಿರಲಿಲ್ಲ. ಹಾಗಾಗಿ ನಿಮ್ಮ ಎಕ್ಸ್‌ರೇಯಲ್ಲಿ ಕಂಡದ್ದು ಸುಳ್ಳಲ್ಲ, ಆದರೆ ನೋವಿನ ಕಾರಣ ಅದೇ ಎಂದು ಹೇಳುವುದಕ್ಕೆ ಆ ಎಕ್ಸ್‌ರೇ ಒಂದೇ ಸಾಲದು. ಆ ಸವಕಲನ್ನು ಲೇಸರ್ ತುಂಬುವುದೂ ಇಲ್ಲ. ಕುತ್ತಿಗೆಯ ಡಿಸ್ಕು, ಮೂಳೆ ಬೆಳಕಿನಿಂದ ಮತ್ತೆ ಬೆಳೆಯುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆ ಮಾತು ಯಾರೇ ಹೇಳಿದರೂ ನಂಬಬೇಡಿ.

ಹಾಗಾದರೆ ನೋಯುತ್ತಿರುವುದು ಏನು? ಹೊಲಿಗೆಯವರ ಕುತ್ತಿಗೆ ನೋಡಿ ನೋಡಿ ನನಗೆ ಒಂದು ಚಿತ್ರ ಕಣ್ಣಲ್ಲಿ ನಿಂತುಬಿಟ್ಟಿದೆ. ತಲೆ ಮುಂದಕ್ಕೆ ಚಾಚಿ ಸೂಜಿಯ ಮೇಲೆ ಬಾಗಿರುತ್ತದೆ. ಬಟ್ಟೆ ತಳ್ಳುವ ಬಲಗೈಯ ಹೆಗಲು ಕಿವಿಯ ಕಡೆ ಎತ್ತಿಕೊಂಡಿರುತ್ತದೆ. ಗಂಟೆಗಟ್ಟಲೆ ಹಾಗೇ. ತಲೆಯ ತೂಕ ಹೆಚ್ಚುಕಡಿಮೆ 5 ಕಿಲೋ. ಅದನ್ನು ಹಿಂದಿನಿಂದ ಹಿಡಿದು ನಿಲ್ಲಿಸುವುದು ಕುತ್ತಿಗೆಯಿಂದ ಹೆಗಲವರೆಗೆ ಹರಡಿದ ಟ್ರಪೀಜಿಯಸ್ ಮತ್ತು ಅದರ ಅಡಿಯ ಸಣ್ಣ ಸ್ನಾಯುಗಳು. ಸ್ನಾಯು ಸಂಕುಚಿಸಿಯೇ ಇದ್ದರೆ ಅದರೊಳಗೆ ರಕ್ತ ಸರಿಯಾಗಿ ಹರಿಯದು. ಅಲ್ಲಲ್ಲಿ ಗಂಟು ಕಟ್ಟಿದಂತಾಗಿ, ಒತ್ತಿದರೆ ಪ್ರಾಣ ಹೋಗುವಂತೆ ನೋಯುತ್ತದೆ. ಇದು 3 ತಿಂಗಳು ದಾಟಿತು ಅಂದರೆ ನೋವಿನ ಸುದ್ದಿ ಸಾಗಿಸುವ ನರಗಳೇ ಸೂಕ್ಷ್ಮವಾಗಿಬಿಡುತ್ತವೆ, ಸಣ್ಣ ಎಳೆತಕ್ಕೂ ದೊಡ್ಡ ನೋವು ಕೊಡುತ್ತವೆ. ನಿಮಗೆ 9 ತಿಂಗಳಾಗಿದೆ. ನೋವು ನಿಜ, ನಿಮ್ಮ ಕಲ್ಪನೆಯಲ್ಲ. ಹಾಗೆಂದು ಒಳಗೆ ಏನೋ ಮುರಿದುಹೋಗಿದೆ ಎಂದು ಅರ್ಥವಲ್ಲ.

ಈಗ ಲೇಸರ್. ಶಸ್ತ್ರಚಿಕಿತ್ಸೆಗೆ ಬಳಸುವ, ಸುಡುವ ಲೇಸರ್ ಬೇರೆ. ನಿಮಗೆ ಹೇಳಿರುವುದು ಬಹುಶಃ ಕಡಿಮೆ ಶಕ್ತಿಯ ಲೇಸರ್. ಪೆನ್ನಿನಂಥ ತುದಿಯನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತಾರೆ, ಬಿಸಿ ಅಷ್ಟಾಗಿ ಗೊತ್ತಾಗುವುದಿಲ್ಲ. ಈಗಿನ ಪುಸ್ತಕಗಳಲ್ಲಿ ಇದಕ್ಕೆ ಫೋಟೋಬಯೋಮಾಡ್ಯುಲೇಷನ್ ಎನ್ನುತ್ತಾರೆ. ಕೆಂಪು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾವನ್ನು ತಟ್ಟುತ್ತದೆ. ಅಲ್ಲಿ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಆ ಬೆಳಕನ್ನು ಹೀರಿಕೊಳ್ಳುತ್ತದೆ, ಕೋಶದ ಶಕ್ತಿ ಉತ್ಪಾದನೆ ಸ್ವಲ್ಪ ಚುರುಕಾಗುತ್ತದೆ, ಉರಿಯೂತ ತಗ್ಗುತ್ತದೆ, ನೋವು ಸಾಗಿಸುವ ಸಣ್ಣ ನರಗಳ ವೇಗ ಕೆಲಹೊತ್ತು ಕಡಿಮೆಯಾಗುತ್ತದೆ ಎಂಬುದು ಇದರ ಹಿಂದಿನ ವಿವರಣೆ.

ನಿಮ್ಮ ನಾದಿನಿಯ ಭಯ ಇವತ್ತಿನದಲ್ಲ. 1960ರ ದಶಕದಲ್ಲಿ ಬುಡಾಪೆಸ್ಟ್‌ನ ಡಾಕ್ಟರ್ ಎಂಡ್ರೆ ಮೆಸ್ಟರ್ ಅವರಿಗೂ ಇದೇ ಪ್ರಶ್ನೆ ಇತ್ತು ಎಂದು ಈ ಚಿಕಿತ್ಸೆಯ ಚರಿತ್ರೆ ಬರೆದವರು ಹೇಳುತ್ತಾರೆ. ಲೇಸರ್ ಬಿದ್ದರೆ ಕ್ಯಾನ್ಸರ್ ಬರುತ್ತದೆಯೇ ನೋಡೋಣ ಎಂದು ಇಲಿಗಳ ಬೆನ್ನಿನ ಕೂದಲು ಬೋಳಿಸಿ ಬೆಳಕು ಹಾಯಿಸಿದರು. ಕ್ಯಾನ್ಸರ್ ಬರಲಿಲ್ಲ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬೆಳೆಯಿತು. ಅಲ್ಲಿಂದಲೇ ಈ ಚಿಕಿತ್ಸೆ ಶುರು. ಎಕ್ಸ್‌ರೇಯ ಕಿರಣಕ್ಕೆ ಜೀವಕೋಶದ ಡಿಎನ್‌ಎ ಕೆಡಿಸುವಷ್ಟು ಶಕ್ತಿ ಇದೆ, ಈ ಬೆಳಕಿಗೆ ಅದಿಲ್ಲ. ಕ್ಯಾನ್ಸರ್ ಚಿಕಿತ್ಸೆ ಪಡೆಯುವವರಿಗೆ ಬಾಯಿಹುಣ್ಣು ಆಗದಂತೆ ತಡೆಯಲು ಇದೇ ಬಗೆಯ ಬೆಳಕನ್ನು ಬಳಸಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಗಡ್ಡೆ ಇರುವ ಜಾಗದ ಮೇಲೆ ಹಾಯಿಸಬಾರದು ಎನ್ನುವುದು ಮಾತ್ರ ನಾವೆಲ್ಲ ಪಾಲಿಸುವ ಎಚ್ಚರಿಕೆ. ನಾದಿನಿಗೆ ಇಷ್ಟು ಹೇಳಿ, ಸಮಾಧಾನವಾದೀತು.

ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವುದರಿಂದ ಲೇಸರ್ ಮಾಡಿಸಬಾರದು ಎಂದೇನೂ ಇಲ್ಲ. ಆದರೆ ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಮುಂಭಾಗದಲ್ಲಿ. ಅಲ್ಲಿಗೆ ಬೆಳಕು ಹಿಡಿಯಬಾರದು. ನಿಮ್ಮ ನೋವು ಹಿಂದೆ ಮತ್ತು ಹೆಗಲ ಮೇಲೆ ಇರುವುದರಿಂದ ಹಿಡಿಯುವ ಅಗತ್ಯವೂ ಇಲ್ಲ. ಚಿಕಿತ್ಸೆ ಕೊಡುವವರಿಗೆ ಮೊದಲ ದಿನವೇ ಮಾತ್ರೆಯ ವಿಷಯ ತಿಳಿಸಿ. ಡಾಕ್ಸಿಸೈಕ್ಲಿನ್‌ನಂಥ, ಬಿಸಿಲು ಸೋಕಿದರೆ ಚರ್ಮ ಕೆಂಪಾಗಿಸುವ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಿ.

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ: ಕೆಲಸ ಮಾಡುತ್ತದೆಯೇ? ಒಂದಷ್ಟು ಮಟ್ಟಿಗೆ, ಹೌದು. 2009ರಲ್ಲಿ ಆಸ್ಟ್ರೇಲಿಯಾದ ರೊಬರ್ಟಾ ಚೌ ಮತ್ತು ಸಂಗಡಿಗರು 16 ಪ್ರಯೋಗಗಳನ್ನು, ಒಟ್ಟು 820 ರೋಗಿಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದೀರ್ಘಕಾಲದ ಕುತ್ತಿಗೆ ನೋವಿನವರಲ್ಲಿ ಬರೀ ನಟನೆಯ (ಚಿಕಿತ್ಸೆಯ ಬೆಳಕು ಬರದ) ಲೇಸರ್‌ಗೆ ಹೋಲಿಸಿದರೆ ನಿಜವಾದ ಲೇಸರ್ 100ರ ಅಳತೆಯಲ್ಲಿ ಸುಮಾರು 20ರಷ್ಟು ನೋವು ಇಳಿಸಿತ್ತು. ಚಿಕಿತ್ಸೆ ಮುಗಿದ ಮೇಲೂ ಕೆಲವರಲ್ಲಿ ಆ ಗುಣ 22 ವಾರದವರೆಗೆ ಉಳಿದಿತ್ತು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, 10ಕ್ಕೆ 6 ಇದ್ದ ನೋವು 4ಕ್ಕೆ ಬರಬಹುದು. ಸೊನ್ನೆಗೆ ಬರುತ್ತದೆ ಎಂದು ಯಾರೂ ತೋರಿಸಿಲ್ಲ.

ಆದರೆ ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲ. ಹೆಚ್ಚಿನವು ಚಿಕ್ಕವು, ಬೆಳಕಿನ ಪ್ರಮಾಣ ಒಂದರಲ್ಲಿ ಒಂದು ಥರ. 2007ರಲ್ಲಿ ಟರ್ಕಿಯಲ್ಲಿ ನಿಮ್ಮಂಥದೇ ಸ್ನಾಯು ಗಂಟಿನ ಕುತ್ತಿಗೆ ನೋವಿರುವ 64 ಜನರ ಮೇಲೆ ನಡೆದ ಪ್ರಯೋಗವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಹೇಳುತ್ತೇನೆ. ಅರ್ಧದಷ್ಟು ಜನರಿಗೆ ನಿಜವಾದ ಲೇಸರ್, ಉಳಿದವರಿಗೆ ಆಫ್ ಮಾಡಿದ ಮೆಷಿನ್. ಎರಡೂ ಗುಂಪಿನವರಿಗೆ ದಿನವೂ ಕುತ್ತಿಗೆಯ ವ್ಯಾಯಾಮ. ಕೊನೆಗೆ ನೋಡಿದರೆ ಎರಡು ಗುಂಪಿಗೂ ನೋವು ಕಡಿಮೆಯಾಗಿತ್ತು, ಇಬ್ಬರ ನಡುವೆ ವ್ಯತ್ಯಾಸವಿರಲಿಲ್ಲ. ಇಷ್ಟು ವರ್ಷ ಲೇಸರ್ ಹಿಡಿದು ಕೆಲಸ ಮಾಡಿದ ನನಗೂ ಕಂಡದ್ದು ಅದೇ. ಲೇಸರ್ ನೋವನ್ನು ಕೆಲವು ವಾರ ತಗ್ಗಿಸಿ ಕೊಡುತ್ತದೆ. ಆ ವಾರಗಳಲ್ಲಿ ಕುತ್ತಿಗೆಗೆ ಬಲ ತುಂಬಿಕೊಂಡು, ಕೂರುವ ರೀತಿ ಬದಲಿಸಿಕೊಂಡವರು ಮತ್ತೆ ಬರುವುದಿಲ್ಲ. ಸಿಟ್ಟಿಂಗ್ ಮುಗಿಸಿ ಅದೇ ಕುರ್ಚಿಗೆ ಹೋದವರು ಮುಂದಿನ ಸೀಸನ್‌ಗೆ ಮತ್ತೆ ಬರುತ್ತಾರೆ.

ಮಾಡಿಸುವುದಾದರೆ ಪ್ರಮಾಣ ಸರಿಯಾಗಿರಬೇಕು. ಲ್ಯಾನ್ಸೆಟ್‌ನ ಆ ಲೆಕ್ಕದಲ್ಲಿ 820–830 ನ್ಯಾನೋಮೀಟರ್ ತರಂಗಾಂತರದ (ಅಂದರೆ ಅಲೆಯ ಉದ್ದದ) ಬೆಳಕಾದರೆ ಒಂದೊಂದು ಬಿಂದುವಿಗೆ 0.8ರಿಂದ 9 ಜೂಲ್, 904 ಆದರೆ 0.8ರಿಂದ 4.2 ಜೂಲ್ ಕೊಟ್ಟಿದ್ದರು. ಜೂಲ್ ಅಂದರೆ ಕೊಟ್ಟ ಬೆಳಕಿನ ಶಕ್ತಿಯ ಅಳತೆ, ಲೆಕ್ಕ ಕಷ್ಟವಲ್ಲ. ಮೆಷಿನ್‌ನ ಶಕ್ತಿ 100 ಮಿಲಿವಾಟ್, ಒಂದು ಬಿಂದುವಿಗೆ 60 ಸೆಕೆಂಡ್ ಹಿಡಿದರೆ 6 ಜೂಲ್. ಕಡಿಮೆಯಾದರೆ ಫಲವಿಲ್ಲ, ಅತಿಯಾದರೂ ಫಲ ಕುಗ್ಗುತ್ತದೆ. ‘ಯಾವ ತರಂಗಾಂತರ, ಬಿಂದುವಿಗೆ ಎಷ್ಟು ಜೂಲ್?’ ಎಂದು ಸಂಕೋಚವಿಲ್ಲದೆ ಕೇಳಿ. ಕಲಿತವರು ತಕ್ಷಣ ಹೇಳುತ್ತಾರೆ. ನೋಯುವ ಜಾಗವನ್ನು ಬೆರಳಿನಿಂದ ಒತ್ತಿ ಹುಡುಕಿ, ತುದಿಯನ್ನು ಚರ್ಮಕ್ಕೆ ತಾಗಿಸಿ ಹಿಡಿಯಬೇಕು. ದೂರದಿಂದ ಟಾರ್ಚ್ ಬಿಟ್ಟಂತೆ ಎರಡು ನಿಮಿಷ ಆಡಿಸಿದರೆ ಬೆಳಕು ಚರ್ಮದ ಮೇಲೆಯೇ ಚದುರಿಹೋಗುತ್ತದೆ.

ಇಲ್ಲಿ ನನ್ನದೇ ಒಂದು ಅನುಭವ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನಿದ್ದ ಕಡೆ ಒಂದು ಲೇಸರ್ ಮೆಷಿನ್ ಇತ್ತು. ಬೀಪ್ ಅನ್ನುತ್ತಿತ್ತು, ತುದಿಯಲ್ಲಿ ಕೆಂಪು ಚುಕ್ಕೆ ಹೊಳೆಯುತ್ತಿತ್ತು. ತಿಂಗಳುಗಟ್ಟಲೆ ಅದನ್ನೇ ಹಿಡಿದೆ. ಕೊನೆಗೆ ಸರ್ವೀಸ್‌ಗೆ ಬಂದ ಎಂಜಿನಿಯರ್ ಮೀಟರ್ ಇಟ್ಟು ನೋಡಿದರೆ ಇನ್‌ಫ್ರಾರೆಡ್ ಬೆಳಕು ಹೆಚ್ಚುಕಡಿಮೆ ಸತ್ತೇಹೋಗಿತ್ತು. ಕೆಂಪು ಚುಕ್ಕೆ ಬರೀ ಗುರಿ ತೋರಿಸುವ ದೀಪ. ಚಿಕಿತ್ಸೆಯ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲವಲ್ಲ. ಆ ತಿಂಗಳುಗಳಲ್ಲಿ ದುಡ್ಡು ಕೊಟ್ಟು ಹೋದವರ ಮುಖ ಈಗಲೂ ನೆನಪಾಗುತ್ತದೆ. ಅಂದಿನಿಂದ ನಾನು ಮೆಷಿನ್ ಯಾವಾಗ ತಪಾಸಣೆಯಾಗಿದೆ ಎಂದು ಮೊದಲು ನೋಡುತ್ತೇನೆ. ನೀವೂ ಕೇಳಿ.

ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ದೊಡ್ಡ ಅಪಾಯ ಕಣ್ಣಿಗೆ. ರೂಮಿನಲ್ಲಿರುವ ಎಲ್ಲರೂ ಆ ತರಂಗಾಂತರಕ್ಕೆ ತಕ್ಕ ಕನ್ನಡಕ ಹಾಕಿರಬೇಕು. ಮಗಳು ಜೊತೆಗೆ ಬಂದರೆ ಅವಳಿಗೂ ಬೇಕು. ಕತ್ತಿನ ಸರ ಬಿಚ್ಚಿಡಿ, ಲೋಹಕ್ಕೆ ತಾಗಿ ಬೆಳಕು ಚಿಮ್ಮಬಹುದು. ಬಾಮ್, ಎಣ್ಣೆ ಒರೆಸಿಕೊಂಡು ಹೋಗಿ. ಕೆಲವು ಕಡೆ ಅರ್ಧ ವಾಟ್‌ಗಿಂತ ಹೆಚ್ಚು ಶಕ್ತಿಯ, ಕ್ಲಾಸ್ 4 ಎನ್ನುವ ಲೇಸರ್ ಇರುತ್ತದೆ. ಅದು ಬಿಸಿಯಾಗುತ್ತದೆ, ಒಂದೇ ಕಡೆ ನಿಲ್ಲಿಸಿದರೆ ಸುಡುತ್ತದೆ. ನಮ್ಮಂಥ ಕಪ್ಪು-ಗೋಧಿ ಬಣ್ಣದ ಚರ್ಮ, ಹಚ್ಚೆ ಇರುವ ಜಾಗ ಬೆಳಕನ್ನು ಹೆಚ್ಚು ಹೀರುತ್ತವೆ. ಉರಿ ಅನ್ನಿಸಿದ ಕೂಡಲೇ ಹೇಳಬೇಕು, ತಡೆದುಕೊಂಡು ಕೂರಬಾರದು. ಮೊದಲ ಒಂದೆರಡು ಸಿಟ್ಟಿಂಗ್ ಆದ ಮೇಲೆ ನೋವು ತುಸು ಹೆಚ್ಚಾಗುವುದು, ಸುಸ್ತಾಗುವುದು ಕೆಲವರಿಗೆ ಆಗುತ್ತದೆ, ತಾನೇ ಇಳಿಯುತ್ತದೆ.

ದುಡ್ಡಿನ ವಿಷಯ. 10,000 ರೂಪಾಯಿ ಮುಂಗಡ ಕಟ್ಟಬೇಡಿ. ಇಷ್ಟಪಟ್ಟರೆ ವಾರಕ್ಕೆ ಎರಡರಂತೆ 3 ವಾರ, 6 ಸಿಟ್ಟಿಂಗ್ ಮಾಡಿಸಿ, ಆಯಾ ದಿನದ್ದು ಆಯಾ ದಿನ ಕೊಡಿ. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನವೂ ಮಲಗುವ ಮೊದಲು 10ಕ್ಕೆ ನೋವೆಷ್ಟು ಎಂದು ಒಂದು ಅಂಕಿ, ಕುತ್ತಿಗೆ ಹಿಡಿದುಕೊಳ್ಳುವ ಮುಂಚೆ ಎಷ್ಟು ಬ್ಲೌಸ್ ಮುಗಿಯಿತು ಎಂದು ಇನ್ನೊಂದು ಅಂಕಿ ಬರೆಯಿರಿ. 3 ವಾರದಲ್ಲಿ ನೋವು 2 ಅಂಕಿಯಾದರೂ ಇಳಿಯುವ ದಾರಿಯಲ್ಲಿದ್ದರೆ ಮುಂದುವರಿಸಿ; ಚೌ ಅವರದೇ ಒಂದು ಪ್ರಯೋಗದಲ್ಲಿ 7 ವಾರಕ್ಕೆ 14 ಸಲ ಕೊಟ್ಟಿದ್ದರು, ಅದಕ್ಕಿಂತ ಹೆಚ್ಚು ಬೇಕಿಲ್ಲ. ಅಂಕಿ ಅಲ್ಲಾಡದಿದ್ದರೆ ನಿಲ್ಲಿಸಿ. ಅಷ್ಟು ಖರ್ಚು ಮಾಡುವ ಸ್ಥಿತಿ ಇಲ್ಲದಿದ್ದರೆ ಲೇಸರ್ ಬಿಟ್ಟರೂ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ವ್ಯಾಯಾಮ ಹೇಳಿಸಿಕೊಳ್ಳಿ, ಸಾಕು.

ಯಾಕೆಂದರೆ ನಿಜವಾದ ಬಲ ವ್ಯಾಯಾಮದಲ್ಲಿದೆ. ಫಿನ್ಲೆಂಡಿನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಮಹಿಳಾ ಕಚೇರಿ ನೌಕರರನ್ನು ಒಂದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದರು. ಕುತ್ತಿಗೆ, ಹೆಗಲಿಗೆ ಬಲ ಕೊಡುವ ವ್ಯಾಯಾಮ ಮಾಡಿದವರ ನೋವು ಚೆನ್ನಾಗಿ ಇಳಿದಿತ್ತು. ಅಷ್ಟು ಹೊತ್ತು ಎಲ್ಲಿದೆ ಎಂದು ನೀವು ಕೇಳುತ್ತೀರಿ, ಗೊತ್ತು. ಡೆನ್ಮಾರ್ಕಿನಲ್ಲಿ 198 ಜನರಿಗೆ ರಬ್ಬರ್ ಟ್ಯೂಬ್ ಕೊಟ್ಟು ಕೈಯನ್ನು ಪಕ್ಕಕ್ಕೆ ಎತ್ತುವ ವ್ಯಾಯಾಮವನ್ನು ಕೆಲವರಿಂದ ದಿನಕ್ಕೆ 12 ನಿಮಿಷ, ಕೆಲವರಿಂದ ಬರೀ 2 ನಿಮಿಷ, 10 ವಾರ ಮಾಡಿಸಿದರು. 2 ನಿಮಿಷ ಮಾಡಿದವರಿಗೂ ನೋವು ಕಡಿಮೆಯಾಯಿತು.

ನೀವು ಹೀಗೆ ಮಾಡಿ. ಅರ್ಧ ಲೀಟರ್ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪ ಮಡಚಿ, ಭುಜದ ಮಟ್ಟದವರೆಗೆ ಪಕ್ಕಕ್ಕೆ ನಿಧಾನ ಎತ್ತಿ ಇಳಿಸಿ. ಹೆಗಲು ಕಿವಿ ಕಡೆ ಹೋಗಬಾರದು. ಸುಸ್ತೆನಿಸುವ ತನಕ, 2 ನಿಮಿಷ. ಆಮೇಲೆ ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲ್ಲಾಡದಂತೆ ಹಣೆಯಿಂದಲೂ ಅಂಗೈಗೆ ಎದುರು ಒತ್ತಿ 5 ಸೆಕೆಂಡ್. ಹಾಗೇ ಹಿಂದಕ್ಕೆ, ಎಡಕ್ಕೆ, ಬಲಕ್ಕೆ. ಎರಡು ವಾರಕ್ಕೆ ಹಗುರಾದರೆ ಒಂದು ಲೀಟರ್ ಬಾಟಲಿಗೆ ಹೋಗಿ. ಶುರುವಿನಲ್ಲಿ ಮೈಕೈ ನೋವು ಬರುತ್ತದೆ. ಮರುದಿನಕ್ಕೆ ಇಳಿದರೆ ಸರಿ, ಇಳಿಯದಿದ್ದರೆ ಅರ್ಧಕ್ಕೆ ತಗ್ಗಿಸಿ. ಸೆಳೆತ ಕೈಯ ಕಡೆಗೆ ಹರಿದರೆ ವ್ಯಾಯಾಮ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಕುತ್ತಿಗೆಗೆ ಬೆಲ್ಟ್ ಬೇಡ. ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಹೊಟ್ಟೆ ಉರಿ ತಂದ ಮಾತ್ರೆಯನ್ನು ಮುಂದುವರಿಸುವ ಮುನ್ನ ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ರಾತ್ರಿಯ ಜೋಮು ಕುತ್ತಿಗೆಯದ್ದಲ್ಲದೆಯೂ ಇರಬಹುದು. ನಿದ್ದೆಯಲ್ಲಿ ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುವ ಜೋಮು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಾಗ ಬರುವಂಥದ್ದು. ಇದಕ್ಕೆ ಕಾರ್ಪಲ್ ಟನಲ್ ಎನ್ನುತ್ತಾರೆ. ದಿನವಿಡೀ ಕತ್ತರಿ ಹಿಡಿಯುವ ಕೈಗೆ ಇದು ಬರುತ್ತದೆ, ಥೈರಾಯ್ಡ್ ಕಡಿಮೆ ಇರುವವರಲ್ಲೂ ಹೆಚ್ಚು. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಮಾತ್ರ ಜೋಮು ಹಿಡಿಯುತ್ತದೆಯೇ ಗಮನಿಸಿ. ರಾತ್ರಿ ಮಣಿಕಟ್ಟು ಮಡಚದಂತೆ ಸ್ಪ್ಲಿಂಟ್ (ಗಟ್ಟಿ ಆಸರೆಯ ಪಟ್ಟಿ) ಕಟ್ಟಿ 6 ವಾರ ನೋಡಬಹುದು; ಬಿಡದಿದ್ದರೆ ನರದ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಅದನ್ನೂ ಒಮ್ಮೆ ಮಾಡಿಸಿ. ಕುತ್ತಿಗೆಗೆ ಎಷ್ಟು ಲೇಸರ್ ಹಿಡಿದರೂ ಮಣಿಕಟ್ಟಿನ ಜೋಮು ಹೋಗುವುದಿಲ್ಲ.

ಈಗ ಕಣ್ಣಿಗೆ ಬರುತ್ತೇನೆ. ಕಾಣದಿದ್ದಾಗ ನಾವು ಗೊತ್ತಿಲ್ಲದೆಯೇ ತಲೆಯನ್ನು ಮುಂದೆ ಚಾಚುತ್ತೇವೆ. ಕಪ್ಪು ಬಟ್ಟೆಗೆ ಕಪ್ಪು ದಾರ, ತಲೆಯ ಹಿಂದೆ ಟ್ಯೂಬ್‌ಲೈಟು, ನಿಮ್ಮದೇ ನೆರಳು ಸೂಜಿಯ ಮೇಲೆ. ಹೀಗೆ ದಿನಕ್ಕೆ 8 ಗಂಟೆ ಬಾಗುವ ಕುತ್ತಿಗೆಗೆ ಯಾವ ಚಿಕಿತ್ಸೆ ಕೊಟ್ಟರೂ ಸಂಜೆಗೆ ಮತ್ತೆ ಹಿಡಿದುಕೊಳ್ಳುತ್ತದೆ. ಕನ್ನಡಕ ಮಾಡಿಸುವಾಗ ಟೇಪು ತೆಗೆದುಕೊಂಡು ಹೋಗಿ. ನೇರ ಕೂತಾಗ ನಿಮ್ಮ ಕಣ್ಣಿನಿಂದ ಮೆಷಿನ್ ಸೂಜಿಗೆ ಎಷ್ಟು ಇಂಚು ಎಂದು ಮನೆಯಲ್ಲೇ ಮಗಳ ಕೈಲಿ ಅಳೆಸಿ, ಆ ದೂರಕ್ಕೇ ನಂಬರ್ ಕೊಡಿ ಎಂದು ಕೇಳಿ. ಹೊಲಿಗೆಗೆ ಎರಡು ಭಾಗದ ಬೈಫೋಕಲ್ ಬೇಡ, ಅದರ ಕೆಳಗಿನ ಭಾಗದಲ್ಲಿ ನೋಡಲು ಗದ್ದ ಎತ್ತಬೇಕಾಗುತ್ತದೆ. ಸೂಜಿಯ ಪಕ್ಕಕ್ಕೆ ಒಂದು ಸಣ್ಣ ಎಲ್‌ಇಡಿ ದೀಪ ಹಾಕಿಸಿ. ಕುರ್ಚಿಯನ್ನು ಮೊಣಕೈ ಟೇಬಲ್ ಮಟ್ಟಕ್ಕೆ ಬರುವಷ್ಟು ಎತ್ತರಿಸಿ. ಹೆಮ್ಮಿಂಗ್, ಹುಕ್ಕು ಮಾಡುವಾಗ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬಗ್ಗುವ ಬದಲು ಮಡಿಲಲ್ಲಿ ಎರಡು ದಿಂಬಿಟ್ಟು ಕೆಲಸವನ್ನೇ ಕಣ್ಣಿನ ಹತ್ತಿರ ತನ್ನಿ. ಬಾಬಿನ್ ಖಾಲಿಯಾದಾಗಲೆಲ್ಲ ಎದ್ದು ನಿಂತು, ಹೆಗಲು ನಾಲ್ಕು ಸಲ ಹಿಂದಕ್ಕೆ ಸುತ್ತಿಸಿ, ಆಮೇಲೆ ಹೊಸ ಬಾಬಿನ್ ಹಾಕಿ.

ಕನ್ನಡಕ, ದೀಪ, ಬಾಟಲಿಯ ವ್ಯಾಯಾಮ ಮೊದಲು ಶುರು ಮಾಡಿ. ಎರಡು ವಾರ ಕಳೆದ ಮೇಲೂ ನೋವಿನಿಂದ ವ್ಯಾಯಾಮ ಮಾಡಲು ಆಗುತ್ತಿಲ್ಲ ಅನ್ನಿಸಿದರೆ ಆಗ ಆ 6 ಸಿಟ್ಟಿಂಗ್ ಲೇಸರ್‌ಗೆ ಹೋಗಿ. ದಾರ ಪೋಣಿಸುವಾಗ ಕಣ್ಣು ಕಾಣಲಿಲ್ಲವೋ, ಬೆರಳು ಕೇಳಲಿಲ್ಲವೋ ಎಂಬುದನ್ನು ಮಾತ್ರ ನಾಳೆಯೇ ನೋಡಿ, ಮರೆಯದೆ ನನಗೆ ಬರೆಯಿರಿ.